ಕಲ್ಲಿನ ನೋವಿಗೆ ಯಾವ ಇಂಜೆಕ್ಷನ್ ಮೊದಲು?

ಕ್ಯಾಜುವಾಲ್ಟಿಯಲ್ಲಿ ಡ್ಯೂಟಿ ಮಾಡಿದವರಿಗೆ ಕಿಡ್ನಿ ಕಲ್ಲಿನ ನೋವು ದೂರದಿಂದಲೇ ಗೊತ್ತಾಗುತ್ತದೆ. ಅಪೆಂಡಿಕ್ಸ್ ಒಡೆದವರು ಅಲುಗಾಡದೆ ಮಲಗಿರುತ್ತಾರೆ. ಕಲ್ಲಿನವರು ಕೂರಲೂ ಆಗದೆ ಮಲಗಲೂ ಆಗದೆ ಒದ್ದಾಡುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥವರಿಗೆಲ್ಲ ಕಣ್ಣುಮುಚ್ಚಿ ಪೆಥಿಡಿನ್ ಕೊಡುತ್ತಿದ್ದೆ, ಮಾರ್ಫಿನ್ ಜಾತಿಯದೇ ಬಲವಾದ ನೋವಿನ ಇಂಜೆಕ್ಷನ್ ಅದು. ಮಾರ್ಫಿನ್ ಕೊಟ್ಟರೆ ಮೂತ್ರನಾಳ ಇನ್ನೂ ಬಿಗಿಯುತ್ತೆ, ಪೆಥಿಡಿನ್ ಆದರೆ ಸಡಿಲ ಆಗುತ್ತೆ ಅಂತ ಸೀನಿಯರ್‌ಗಳು ಹೇಳಿದ್ದರು, ನಾನೂ ನಂಬಿದ್ದೆ. ಒಂದು ರಾತ್ರಿ ಒಬ್ಬರಿಗೆ ಹಾಗೇ ಕೊಟ್ಟೆ. ನೋವು ಇಳಿಯಿತು, ಆದರೆ ವಾಂತಿ ನಿಲ್ಲಲಿಲ್ಲ. ವಾಂತಿಗೆ ಕೊಟ್ಟ ಟ್ರೇಯನ್ನು ಎದೆಗೆ ಒತ್ತಿಕೊಂಡು, ಮಂಪರಿನಲ್ಲಿ ತಲೆ ಎತ್ತಲೂ ಆಗದೆ ಕೂತಿದ್ದರು. ಎರಡು ಗಂಟೆಯೊಳಗೆ ನೋವೂ ವಾಪಸ್ ಬಂತು. "ಡಾಕ್ಟ್ರೇ, ಇದಕ್ಕಿಂತ ಆ ನೋವೇ ವಾಸಿ ಅಂತಿದ್ದಾರೆ" ಅಂದರು ಅವರ ಹೆಂಡತಿ. ಆ ಮಾತು ತುಂಬಾ ದಿನ ಕೊರೆಯಿತು.

ಆಮೇಲೆ ಕೂತು ಓದಿದೆ. ಮಾರ್ಫಿನ್, ಪೆಥಿಡಿನ್ ಎರಡನ್ನೂ ನೇರವಾಗಿ ಹೋಲಿಸಿದರೆ ನೋವು ಇಳಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಡೈಕ್ಲೋಫೆನಾಕ್‌ನಂಥ ಉರಿಯೂತ ತಗ್ಗಿಸುವ ನೋವಿನ ಔಷಧಿಗಳಿಗೆ ಹೋಲಿಸಿದರೆ ವಾಂತಿಯ ಕಾಟ ಒಪಿಯಾಯ್ಡ್‌ಗಳಲ್ಲೇ, ಅಂದರೆ ಮಾರ್ಫಿನ್ ಜಾತಿಯ ಔಷಧಿಗಳಲ್ಲೇ ಜಾಸ್ತಿ, ಅದರಲ್ಲೂ ಪೆಥಿಡಿನ್‌ನಲ್ಲಿ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕತಾರ್‌ನ ಅಧ್ಯಯನದಲ್ಲಿ 1,600ಕ್ಕೂ ಹೆಚ್ಚು ರೋಗಿಗಳಿದ್ದರು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕಾದರೂ ಇಳಿದದ್ದು ಡೈಕ್ಲೋಫೆನಾಕ್ ಪಡೆದ ಶೇ. 68, ಮಾರ್ಫಿನ್ ಪಡೆದ ಶೇ. 61 ಜನರಿಗೆ.

ಕಾರಣವೂ ಸರಳ. ಕಲ್ಲು ದಾರಿ ಕಟ್ಟಿದಾಗ ಕಿಡ್ನಿಯಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ರಕ್ತದ ಹರಿವು ಏರಿ ಮೂತ್ರ ಇನ್ನಷ್ಟು ತಯಾರಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಡೈಕ್ಲೋಫೆನಾಕ್ ಆ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆದು ಮೂಲಕ್ಕೇ ಕೈ ಹಾಕುತ್ತದೆ. ಮಾರ್ಫಿನ್ ನೋವಿನ ಅರಿವನ್ನಷ್ಟೇ ತಗ್ಗಿಸುತ್ತದೆ.

ಹಾಗಂತ ಒಪಿಯಾಯ್ಡ್ ಬೇಡವೇ ಬೇಡ ಅಂತಲ್ಲ. ಕಿಡ್ನಿ ಮೊದಲೇ ಸೋತಿದ್ದರೆ, ಹೊಟ್ಟೆಯ ಹುಣ್ಣು ಇದ್ದರೆ, ಗರ್ಭಿಣಿಯಾಗಿದ್ದರೆ ಡೈಕ್ಲೋಫೆನಾಕ್ ಮುಟ್ಟುವ ಹಾಗಿಲ್ಲ. ಅಲ್ಲೇ ಯಾವ ಒಪಿಯಾಯ್ಡ್ ಅನ್ನೋದು ನಿಜವಾಗಿ ಮುಖ್ಯವಾಗೋದು. ಕಿಡ್ನಿ ಸೋತವರಲ್ಲಿ ಪೆಥಿಡಿನ್ ಒಡೆದು ಬರುವ ನಾರ್‌ಪೆಥಿಡಿನ್ ಹೊರಗೆ ಹೋಗದೆ ಸೇರಿಕೊಂಡು ಫಿಟ್ಸ್ ತರಬಹುದು, ಮಾರ್ಫಿನ್‌ನ ಅಂಶವೂ ಉಳಿದುಕೊಂಡು ಉಸಿರು ನಿಧಾನ ಮಾಡಬಹುದು. ಅಂಥವರಿಗೆ ನಾನು ಫೆಂಟನಿಲ್ ಎಂಬ ಇನ್ನೊಂದು ಒಪಿಯಾಯ್ಡ್ ಆರಿಸುತ್ತೇನೆ, ಸ್ವಲ್ಪ ಸ್ವಲ್ಪವೇ.

ಈಗ ಉಳಿದವರಿಗೆ ಡೈಕ್ಲೋಫೆನಾಕ್ 75 ಮಿಲಿಗ್ರಾಂ ಮೊದಲು. ಅರ್ಧ ಗಂಟೆ ಬಿಟ್ಟು ನಾನೇ ಹಾಸಿಗೆ ಹತ್ತಿರ ಹೋಗಿ, "ಹತ್ತರಲ್ಲಿ ಈಗ ನೋವು ಎಷ್ಟಿದೆ?" ಅಂತ ಕೇಳುತ್ತೇನೆ. ಆರು, ಏಳು ಅಂದರೆ ಆಗ ಮಾರ್ಫಿನ್, ಐವಿ ಮೂಲಕ, ಸಣ್ಣ ಡೋಸ್‌ಗಳಲ್ಲಿ. ಜೊತೆಗೆ ಜ್ವರ ಇದೆಯಾ ಅಂತಲೂ ನೋಡುತ್ತೇನೆ. ಕಲ್ಲು ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕು ಸೇರಿದ್ದರೆ ನೋವಿನ ಇಂಜೆಕ್ಷನ್ನಿಗಿಂತ ಮೊದಲು ಯೂರಾಲಜಿಗೆ ಫೋನ್ ಹೋಗಬೇಕು.