‘ನೀರು ಎಷ್ಟು ಕುಡಿದ್ರಿ?’ ಎಂದು ಕೇಳಿದರೆ ಸಾಲದು

ಡಯಾಲಿಸಿಸ್‌ಗೆ (ಕೆಟ್ಟ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆಗೆ) ಬಂದವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಒಂದೇ: "ಕಮ್ಮೀನೇ ಕುಡಿದಿದ್ದೀನಿ ಸಿಸ್ಟರ್." ಅದು ಸುಳ್ಳಲ್ಲ. ಕಾಫಿ, ಗಂಜಿ, ಮಜ್ಜಿಗೆ, ಊಟದ ಕೊನೆಗೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದ ತಿಳಿಸಾರು, ಇವನ್ನೆಲ್ಲ ಯಾರೂ ನೀರು ಎಂದು ಎಣಿಸುವುದಿಲ್ಲ. ತೂಕದ ಯಂತ್ರ ಮಾತ್ರ ಕಳೆದ ಡಯಾಲಿಸಿಸ್ ಮುಗಿದಾಗಿನ ತೂಕಕ್ಕಿಂತ 3 ಕೆಜಿ ಹೆಚ್ಚು ತೋರಿಸುತ್ತಿರುತ್ತದೆ. ಮೈಯಲ್ಲಿ ನಿಂತ ಒಂದು ಲೀಟರ್ ಅಂದರೆ ಒಂದು ಕೆಜಿ. ಅಷ್ಟನ್ನೂ ನಾಲ್ಕು ಗಂಟೆಯಲ್ಲಿ ಎಳೆದು ತೆಗೆಯುವಾಗ ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾಗಿ ಕೇಳಬೇಕಾದದ್ದು: "ನಿನ್ನೆ ಎದ್ದಾಗಿನಿಂದ ಏನೇನು ಕುಡಿದ್ರಿ, ಒಂದೊಂದಾಗಿ ಹೇಳಿ."

ಸಾಮಾನ್ಯ ಲೆಕ್ಕ: ಹಿಂದಿನ 24 ಗಂಟೆಯಲ್ಲಿ ಹೋದ ಮೂತ್ರ, ಅದರ ಮೇಲೆ 500 ಮಿ.ಲೀ. ಮೂತ್ರ 200 ಮಿ.ಲೀ. ಇದ್ದರೆ ದಿನಕ್ಕೆ 700. ಬೆಳಿಗ್ಗೆ ಒಂದು ಬಾಟಲಿಗೆ ಅಷ್ಟೇ ನೀರು ತುಂಬಿಡಿ. 100 ಮಿ.ಲೀ. ಕಾಫಿ ಕುಡಿದರೆ ಬಾಟಲಿಯಿಂದ 100 ಮಿ.ಲೀ. ಚೆಲ್ಲಿ. ಮಜ್ಜಿಗೆಗೂ ಹಾಗೇ, ಐಸ್ ತುಂಡಿಗೂ ಹಾಗೇ. ಬಾಟಲಿಯಲ್ಲಿ ಉಳಿದದ್ದೇ ರಾತ್ರಿಯ ಮಾತ್ರೆಗೆ.

ಬಾಯಾರಿಕೆಯ ಮೂಲ ಬಹಳ ಸಲ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಉಪ್ಪು ಇಳಿಸದೆ ನೀರು ಇಳಿಸಿ ಎಂದರೆ ರೋಗಿಗೆ ಹಿಂಸೆ. ಅಂಗಡಿಯ ‘ಲೋ ಸೋಡಿಯಂ’ ಉಪ್ಪು ಮಾತ್ರ ಬೇಡ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು.

ನಮಗೆ ಅತಿ ಹೆಚ್ಚು ಭಯ ಎಳನೀರಿನದು. ಕಿಡ್ನಿ ತೊಂದರೆ ಎಂದು ಕೇಳಿದೊಡನೆ ನೆಂಟರು ತರುವುದೇ ಅದನ್ನು. ತಂಪು ಎಂಬ ನಂಬಿಕೆ, ಪ್ರೀತಿ ಎರಡೂ ಅದರಲ್ಲಿವೆ, ಬೇಡ ಎನ್ನಲು ಮನಸ್ಸು ಬಾರದು. ಆದರೆ 100 ಮಿ.ಲೀ. ಎಳನೀರಿನಲ್ಲಿ ಸುಮಾರು 250 ಮಿ.ಗ್ರಾಂ. ಪೊಟ್ಯಾಸಿಯಂ ಇದೆ. 350 ಮಿ.ಲೀ. ಇರುವ ಒಂದು ಕಾಯಿಗೆ 875. ದಿನಕ್ಕೆ 2000 ಮಿ.ಗ್ರಾಂ. ಮಿತಿ ಹಾಕಿಸಿಕೊಂಡವರಿಗೆ ಊಟಕ್ಕೆ ಮೊದಲೇ ಹತ್ತಿರ ಹತ್ತಿರ ಅರ್ಧ ಮುಗಿಯಿತು. ಏರಿದ ಪೊಟ್ಯಾಸಿಯಂ ಮುನ್ಸೂಚನೆ ಕೊಡದೆಯೇ ಹೃದಯದ ಬಡಿತ ಕೆಡಿಸಬಲ್ಲದು. ಶನಿವಾರ ಡಯಾಲಿಸಿಸ್ ಆಗಿ ಮತ್ತೆ ಮಂಗಳವಾರ ಬರುವವರಿಗೆ ಆ ನಡುವಿನ ಭಾನುವಾರ, ಸೋಮವಾರ ಇನ್ನೂ ಅಪಾಯದ ದಿನಗಳು.

ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣಿನ ರಸ ಒಂದು ಗುಟುಕೂ ಬೇಡ. ಕೆಟ್ಟ ಕಿಡ್ನಿ ಅದರ ವಿಷವನ್ನು ಹೊರಹಾಕಲಾರದು. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲದ ರಂಜಕ ಬಹುಪಾಲು ರಕ್ತಕ್ಕೆ ಸೇರುತ್ತದೆ, ಅದನ್ನೂ ಕೆಟ್ಟ ಕಿಡ್ನಿ ಸರಿಯಾಗಿ ಹೊರಹಾಕಲಾರದು, ಹಾಗಾಗಿ ಅದೂ ಬೇಡ. ಪಾನಕ ಬೇಕೆನಿಸಿದರೆ ಪೊಟ್ಯಾಸಿಯಂ ಇರುವ ಬೆಲ್ಲ ಬಿಟ್ಟು, ಅರ್ಧ ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ, ಸಕ್ಕರೆ. ಮಧುಮೇಹ ಇದ್ದರೆ ಸಕ್ಕರೆಯೂ ಬೇಡ. ಆದರೆ ಶುಗರ್ ಕುಸಿದು ಬೆವರು, ನಡುಕ ಬಂದಾಗ ಮೋಸಂಬಿ ಜ್ಯೂಸ್ ಕೊಡಬೇಡಿ (ಅದರಲ್ಲೂ ಪೊಟ್ಯಾಸಿಯಂ ಇದೆ), ಮೂರು ಚಮಚ ಸಕ್ಕರೆಯನ್ನು ಸ್ವಲ್ಪವೇ ನೀರಿನಲ್ಲಿ ಕದಡಿ ಕೊಡಿ.

ಇದೆಲ್ಲ ಡಯಾಲಿಸಿಸ್‌ನಲ್ಲಿರುವವರ ಲೆಕ್ಕ. ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ತ್ಯಾಜ್ಯ) ಈಗಷ್ಟೇ ಏರಿ, ಮೂತ್ರ ಚೆನ್ನಾಗಿ ಹೋಗುತ್ತಿರುವವರು ಇದನ್ನು ಓದಿ ನೀರು ಬಿಡಬಾರದು. ಮೈ ಒಣಗಿದರೆ ಉಳಿದಿರುವ ಕಿಡ್ನಿಗೂ ಪೆಟ್ಟು. ಎಷ್ಟು ಕುಡಿಯಬೇಕು ಎಂಬುದನ್ನು ಅವರು ತಮ್ಮ ಪೊಟ್ಯಾಸಿಯಂ ರಿಪೋರ್ಟು, ಒಂದು ದಿನದ ಮೂತ್ರದ ಅಳತೆ ಎರಡನ್ನೂ ಕೈಯಲ್ಲಿ ಹಿಡಿದು ಡಾಕ್ಟರನ್ನೇ ಕೇಳಬೇಕು.