ಕಲ್ಲಿಗೊಂದು ಪ್ರಾಪರ್ಟಿ ಹುಡುಕುತ್ತಾ

ಬೇಲೂರಿನ ಚೆನ್ನಕೇಶವ ದೇವಸ್ಥಾನ ಬಳಪದ ಕಲ್ಲಿನದು. ಹಾಸನದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಹೊಯ್ಸಳ ಗುಡಿಗಳ ಮಾಹಿತಿಯನ್ನು ವಿಕಿಪೀಡಿಯ ಬಳಗದ ಮುಕ್ತ ಮಾಹಿತಿ ಭಂಡಾರವಾದ ವಿಕಿಡೇಟಾಗೆ ಸೇರಿಸುತ್ತಿದ್ದರು. ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿ, "ಏನಪ್ಪಾ, ಇದರಲ್ಲಿ ಕಲ್ಲು ಎಲ್ಲಿ ಬರೀಬೇಕು?" ಅಂದರು.

ಪ್ರಶ್ನೆ ಸಣ್ಣದು. ಆದರೆ 2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ ಈಗ 12,000ಕ್ಕೂ ಹೆಚ್ಚು ಪ್ರಾಪರ್ಟಿಗಳಿವೆ, ಅಂದರೆ ಒಂದೊಂದು ಬಗೆಯ ಮಾಹಿತಿ ತುಂಬುವ ಖಾನೆಗಳು. ದೇಶಕ್ಕೆ ಪಿ17, ಹುಟ್ಟಿದ ದಿನಕ್ಕೆ ಪಿ569, ಹೀಗೆ ಪ್ರತಿಯೊಂದಕ್ಕೂ ಒಂದು ನಂಬರು. ಹೆಸರು ಗೊತ್ತಿದ್ದರೆ ಹುಡುಕಬಹುದು. ಹೆಸರೇ ಗೊತ್ತಿಲ್ಲದಿದ್ದರೆ? ಸರಿ, ಮೇಷ್ಟ್ರಿಗಾಗಿ ಗುಡಿಗೆ ಬೇಕಾದ ಪ್ರಾಪರ್ಟಿಗಳ ಪಟ್ಟಿ ಇರುವ ಒಂದು ಪುಟ ಮಾಡೋಣ ಅಂತ ಕೂತೆ.

ಎಲ್ಲ ಪ್ರಾಪರ್ಟಿಗಳನ್ನೂ ಒಂದೇ ಸ್ಪಾರ್ಕಲ್ ಕ್ವೆರಿಯಲ್ಲಿ ತರಿಸಬಹುದು (ವಿಕಿಡೇಟಾಗೆ ಪ್ರಶ್ನೆ ಕೇಳುವ ಭಾಷೆಯೇ ಸ್ಪಾರ್ಕಲ್). ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲೈಬ್ರರಿ, ಮ್ಯೂಸಿಯಂ, ಡೇಟಾಬೇಸುಗಳ ಐಡಿಗಳು. ಅವನ್ನು ಮೊದಲು ಪಕ್ಕಕ್ಕೆ ಸರಿಸಿದೆ. ಉಳಿದವನ್ನು ಪಿ1647 ಹಿಡಿದು, ಅಂದರೆ ಯಾವುದು ಯಾವುದರ ಉಪ-ಪ್ರಾಪರ್ಟಿ ಅಂತ ನೋಡಿ, ವಂಶವೃಕ್ಷದ ಹಾಗೆ ಜೋಡಿಸಿದೆ. ನೋಡಲು ಚೆನ್ನಾಗಿತ್ತು, ಉಪಯೋಗಕ್ಕೆ ಬರಲಿಲ್ಲ. ಎಷ್ಟೋ ಪ್ರಾಪರ್ಟಿಗಳಿಗೆ ಮೇಲೊಂದು ಕೊಂಬೆಯೇ ಇಲ್ಲ. ಅಷ್ಟಕ್ಕೂ ಗುಡಿ ಮುಂದೆ ನಿಂತವರು ಪ್ರಾಪರ್ಟಿಯ ಕುಲಗೋತ್ರ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ವಸ್ತುವಿನ ಕಡೆಯಿಂದ ಹೊರಟೆ. ವಸ್ತು ಯಾವ ವರ್ಗದ್ದು ಎಂದು ಹೇಳುವ ಪಿ31ರಲ್ಲಿ ಹಿಂದೂ ದೇವಸ್ಥಾನ ಎಂದು ಗುರುತಿಸಿರುವ ಪುಟಗಳಲ್ಲಿ ಜನ ನಿಜವಾಗಿ ಏನೇನು ತುಂಬಿದ್ದಾರೆ ಎಂದು ಎಣಿಸಿದೆ. ಮನುಷ್ಯರ ಮೇಲೆ ಇದೇ ಕ್ವೆರಿ ಓಡಿಸಿದರೆ ಒಂದು ಕ್ವೆರಿಗೆ ಇರುವ 60 ಸೆಕೆಂಡಿನ ಮಿತಿ ದಾಟಿ ನಿಂತುಬಿಡುತ್ತದೆ. ಗುಡಿಗಳಿಗೆ ಆ ತಾಪತ್ರಯ ಇರಲಿಲ್ಲ. ಒಂದೊಂದು ವರ್ಗಕ್ಕೆ ಯಾವ ಪ್ರಾಪರ್ಟಿ ಹೊಂದುತ್ತದೆ ಎಂದು ಸಂಪಾದಕರು ಪಿ1963ರಲ್ಲಿ ಸೂಚಿಸಿರುತ್ತಾರೆ, ಅದನ್ನೂ ಬೆರೆಸಿದೆ.

ಕೊನೆಗೆ ಪ್ರತಿ ಸಾಲಿನ ಕೆಳಗೆ, ಪ್ರಾಪರ್ಟಿಯ ಬಳಕೆಗೆ ಮಾದರಿ ಕೊಡುವ ಪಿ1855ರಿಂದ ಒಂದು ಉದಾಹರಣೆ ಹಾಕಿದೆ. ನನ್ನ ಪ್ರಕಾರ ಇಡೀ ಪುಟದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಆಡಳಿತ ಪ್ರದೇಶ ಹೇಳುವ ಪಿ131ಕ್ಕೂ ಬರೀ ಜಾಗ ಹೇಳುವ ಪಿ276ಕ್ಕೂ ಏನು ವ್ಯತ್ಯಾಸ ಅಂತ ವಿವರಣೆ ಓದಿದರೆ ತಲೆ ಕೆಡುತ್ತದೆ. ಉದಾಹರಣೆ ಕಂಡರೆ ಸಾಕು.

ಸಂಜೆ ಮೇಷ್ಟ್ರಿಗೆ ಲಿಂಕ್ ಕಳಿಸಿದೆ. ವಾಸ್ತುಶೈಲಿಯ ಪಿ149, ಯಾವ ದೇವರಿಗೆ ಮೀಸಲು ಎನ್ನುವ ಪಿ825, ಎಲ್ಲ ದಾಟಿ ಪಿ186ಕ್ಕೆ ಬಂದರು. ಯಾವುದರಿಂದ ಮಾಡಿದ್ದು ಎನ್ನುವುದಕ್ಕೆ ಅದೇ. "ಸಿಕ್ತು ಬಿಡಪ್ಪಾ. ಆದರೆ ಇದಕ್ಕೆ ಆಧಾರ ಎಲ್ಲಿ ಕೊಡೋದು? ಪುಸ್ತಕ ಎದುರಿಗೇ ಇದೆ" ಅಂದರು.

ಮೇಷ್ಟ್ರಲ್ವಾ, ಬಿಡುತ್ತಾರಾ! ನನ್ನ ಎಣಿಕೆ ಮುಖ್ಯ ಹೇಳಿಕೆಗಳದ್ದು ಮಾತ್ರ, ಅಂದರೆ ಕಲ್ಲು, ಶೈಲಿ, ದೇವರು ಇಂಥವುಗಳದ್ದು. ಆಧಾರದ ಪ್ರಾಪರ್ಟಿಗಳು ಇನ್ನೊಂದು ಪದರದಲ್ಲಿರುತ್ತವೆ, ಅವಕ್ಕೆ ಬೇರೆಯೇ ಕ್ವೆರಿ ಬೇಕು. ರಾತ್ರಿ ಊಟ ಮುಗಿಸಿ ಅದಕ್ಕೊಂದು ಟ್ಯಾಬ್ ಸೇರಿಸಿದೆ. ಅದು ತೆರೆದುಕೊಳ್ಳಲು ಸ್ವಲ್ಪ ನಿಧಾನ. ಪುಸ್ತಕ ಹೆಸರಿಸುವ ಪಿ248, ಪುಟ ಸಂಖ್ಯೆಯ ಪಿ304, ಎರಡನ್ನೂ ಎಣಿಕೆಗೆ ಬಿಡದೆ ನಾನೇ ಮೇಲೆ ತಂದು ಕೂರಿಸಿದ್ದೇನೆ.