ಕೊಂಡಜ್ಜಿ ಕೆರೆ, ಜನವರಿ: ಕೆಸರಂಚು ಮೊದಲು, ಕುರುಚಲು ಕೊನೆಗೆ

ಬೆಳಗಿನ ಹಕ್ಕಿ ಎಣಿಕೆಯ ದಾರಿಯನ್ನು ಈ ತಿಂಗಳಿಂದ ತಿರುವುಮುರುವು ಮಾಡಲಾಗಿದೆ. ಇದುವರೆಗೆ ಕುರುಚಲು ಗುಡ್ಡದ ಬದಿಯಿಂದ ಶುರುವಾಗಿ ಕೆರೆಯಂಚಿನಲ್ಲಿ ಮುಗಿಯುತ್ತಿತ್ತು. ಈಗ ಕೆಸರಂಚು ಮೊದಲು, ತೆರೆದ ನೀರು ಆಮೇಲೆ, ಕುರುಚಲು ಕೊನೆಗೆ. ಎಮ್ಮೆ ನೀರಿಗಿಳಿದು ತೆಪ್ಪ ಹೊರಟ ಮೇಲೆ ಗದ್ದೆಗೊರವಗಳು (ಕೆಸರಂಚಿನ ಸಣ್ಣ ಹಕ್ಕಿಗಳು) ಒಂದೆಡೆ ನಿಲ್ಲುವುದಿಲ್ಲ. ಇಲ್ಲಿ ಎದ್ದದ್ದು ಮುಂದಿನ ತಿರುವಿನಲ್ಲಿ ಕೂರುತ್ತದೆ, ಅದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬೀಳುತ್ತದೆ. ನಾಮದ ಕೋಳಿಗಳಿಗೆ ಅಂಥ ಅವಸರವಿಲ್ಲ. ಒಂಬತ್ತಕ್ಕೆ ಹೋದರೂ ಅಲ್ಲೇ ತೇಲುತ್ತಿರುತ್ತವೆ. ಗೌಜಿಗದ ಮೊದಲ ಕೂಗು ಮಾತ್ರ ಇನ್ನು ಗುಡ್ಡದ ಬುಡದಲ್ಲಿ ಸಿಗುವುದಿಲ್ಲ, ಅದನ್ನು ಕೆರೆಯಂಚಿನಿಂದಲೇ ಕೇಳಿ ಬರೆದುಕೊಳ್ಳಬೇಕು.

ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಮೂಡುವುದು ಏಳಕ್ಕೆ ಐದಾರು ನಿಮಿಷವಿರುವಾಗ. 6:40ಕ್ಕೆ ಪೂರ್ವದ ದಡದಲ್ಲಿರಬೇಕು, ಬಿಸಿಲು ಬೆನ್ನಿಗೆ ಬರುವಂತೆ. ಎದುರು ಬೆಳಕಿಗೆ ನಿಂತರೆ ಬಾತುಗಳೆಲ್ಲ ಕಪ್ಪೇ. 8x42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು) ಸಾಕು: 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ 5 ಮಿ.ಮೀ. ಮೀರಿದ ಬೆಳಕಿನ ಕಿಂಡಿ, ಮಬ್ಬಿನಲ್ಲೂ ಕೆಲಸ ಕೊಡುತ್ತದೆ. 10x42ರಲ್ಲಿ ಅದು 4.2ಕ್ಕಿಳಿಯುತ್ತದೆ, ಕೈನಡುಕವೂ ಹೆಚ್ಚು ಕಾಣುತ್ತದೆ.

ಪಟ್ಟಿ ಕೆಡುವುದು ಹೆಚ್ಚಾಗಿ ಗದ್ದೆಗೊರವಗಳಲ್ಲೇ. ಇಲ್ಲಿನ ಮೂರು ಜಾತಿಗಳೂ ಕೆಸರಲ್ಲಿ ಮೇಯುತ್ತವೆ, ದೂರಕ್ಕೆ ಮೂರೂ ಕಂದು. ಸಾಮಾನ್ಯ ಗದ್ದೆಗೊರವದ ಎದೆಯ ಪಕ್ಕ, ಮಡಿಸಿದ ರೆಕ್ಕೆಯ ಮುಂದೆ, ಬಿಳಿ ಬಣ್ಣ ಮೇಲಕ್ಕೆ ಚಾಚಿರುತ್ತದೆ; ಹಿಂಭಾಗ ಸದಾ ಕುಣಿಯುತ್ತದೆ; ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಿಗಿಹಿಡಿದು. ಅಡವಿ ಗದ್ದೆಗೊರವದ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಓಡುತ್ತದೆ, ಬೆನ್ನ ಮೇಲೆ ಚುಕ್ಕಿ ಎದ್ದು ಕಾಣುತ್ತವೆ, ಕಾಲು ಹಳದಿ ಛಾಯೆ. ಹಸಿರು ಗದ್ದೆಗೊರವದ ಹುಬ್ಬು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ಅನುಮಾನವಿದ್ದರೆ ಹಾರುವವರೆಗೆ ಕಾಯುವುದೇ ಲೇಸು: ರೆಕ್ಕೆಯಡಿ ಕಪ್ಪಿದ್ದರೆ ಹಸಿರು, ತಿಳಿಯಾಗಿದ್ದರೆ ಅಡವಿ. ಬಿಳಿ ಸೊಂಟವೊಂದನ್ನೇ ನಂಬಬಾರದು, ಅದು ಎರಡಕ್ಕೂ ಇದೆ. ತೀರ್ಮಾನವಾಗದಿದ್ದರೆ ‘ಗದ್ದೆಗೊರವ, ಜಾತಿ ಗೊತ್ತಿಲ್ಲ’ ಎಂದೇ ದಾಖಲಿಸುವುದು. ಊಹೆಯ ಹೆಸರಿಗಿಂತ ಅದೇ ವಾಸಿ.

ಗಾರ್ಗನಿ ಬಾತಿನದು ಬೇರೆ ತೊಡಕು. ಚಳಿಗಾಲದ ಆರಂಭದಲ್ಲಿ ಗಂಡುಗಳೂ ಹೆಣ್ಣಿನ ಬಣ್ಣದಲ್ಲೇ ಇರುತ್ತವೆ, ಹಾಗಾಗಿ ‘ಎಲ್ಲ ಹೆಣ್ಣು’ ಎಂದು ಬರೆದ ನವೆಂಬರ್ ಪಟ್ಟಿಗಳನ್ನು ಅನುಮಾನದಿಂದಲೇ ನೋಡಬೇಕು. ಹಾರುವಾಗ ರೆಕ್ಕೆಯ ಮುಂಭಾಗ ತಿಳಿ ಬೂದಿಯಾಗಿ ಹೊಳೆದರೆ ಗಂಡು.

ಚದುರಿದ ನಾಮದ ಕೋಳಿಗಳನ್ನು ಒಂದೊಂದಾಗಿ ಎಣಿಸುವುದು. ಗುಲಾಬಿ ಕಬ್ಬಕ್ಕಿಗಳ ಹಿಂಡಿಗೆ ಅದು ಆಗದ ಮಾತು. ರಾತ್ರಿ ತಂಗಿದ ಮರ ಬಿಟ್ಟು ಹೊಲಗಳತ್ತ ಹೊರಟಾಗ ಕಣ್ಣಿಗೆ 50ರ ಒಂದು ಗುಂಪು ಗುರುತಿಸಿಕೊಂಡು, ಹಿಂಡಿನಲ್ಲಿ ಅಂಥವು ಎಷ್ಟಿವೆ ಎಂದು ಅಳೆಯಬೇಕು. ಜೊತೆಗೆ ಒಂದು ಫೋಟೊ ತೆಗೆದು ಮನೆಯಲ್ಲಿ ಚುಕ್ಕಿಯಿಟ್ಟು ಎಣಿಸಿದರೆ ಕಣ್ಣಂದಾಜು ಎಷ್ಟು ತಪ್ಪುತ್ತದೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಕಡಿಮೆಯೇ ಬಂದಿರುತ್ತದೆ.

ಕುರುಚಲಿನಲ್ಲಿ ಹರಟೆಮಲ್ಲ, ಪಿಕಳಾರ, ಕಳ್ಳಿಪೀರ. ವಿಶೇಷವಿಲ್ಲ. ಕಟಾವಾದ ಮೆಕ್ಕೆಜೋಳದ ಹೊಲಗಳನ್ನು ಮಾತ್ರ ಬಿಡಬಾರದು, ಹಳದಿ ಟಿಟ್ಟಿಭ ಬೇಕಿದ್ದರೆ ಹುಡುಕಬೇಕಾದದ್ದು ಅಂಥ ಒಣ ಬಯಲಲ್ಲೇ, ಕೆರೆಯಂಚಿನಲ್ಲಲ್ಲ.

ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಇಡೀ ಬೆಳಗನ್ನು ಒಂದೇ ಪಟ್ಟಿಯಾಗಿ ಹಾಕುವುದನ್ನು ನಿಲ್ಲಿಸಲಾಗಿದೆ. ಕೆರೆಗೊಂದು, ಕುರುಚಲಿಗೊಂದು. 30 ಮೀಟರ್‌ಗಿಂತ ಹೆಚ್ಚು ಕದಲದೆ ನಿಂತಲ್ಲೇ ಎಣಿಸಿದ್ದಾದರೆ ‘ಸ್ಟೇಷನರಿ’, ನಡೆದಿದ್ದಾದರೆ ‘ಟ್ರಾವೆಲಿಂಗ್’. ಹೋದ ದಾರಿಯಲ್ಲೇ ವಾಪಸಾದರೆ ದೂರವನ್ನು ಒಮ್ಮೆ ಮಾತ್ರ ಲೆಕ್ಕ ಹಾಕಬೇಕು. ಮೊಬೈಲಿನ ಟ್ರ್ಯಾಕ್ ಎರಡೂ ಕಡೆ ಸೇರಿಸಿಬಿಡುತ್ತದೆ, ಅದನ್ನು ಕೈಯಾರೆ ತಿದ್ದುವುದು.

ಬಾಕಿ: ಬೇಸಿಗೆಗೆ ನೀರು ಇಳಿದಂತೆ ಕೆಸರಂಚು ಒಳಸರಿಯುತ್ತದೆ, ಈಗಿನ ನಿಲುಗಡೆಗಳು ದೂರವಾಗುತ್ತವೆ. ಮಾರ್ಚ್‌ಗೆ ಮುಂಚೆ ಹೊಸ ನಿಲುಗಡೆ ಗುರುತಿಸಿ, ಎರಡು ವಾರ ಹಳೆಯದು ಹೊಸದು ಎರಡರಿಂದಲೂ ಎಣಿಸಿ ಹೋಲಿಸಬೇಕಿದೆ.